ಚಿಗಪ್ಪನ ಲೇಯರ್

ಈ ಸಂಗತಿ ನಾನು ಹೇಳುವ ಹಾಗೆಯೇ ನಡೆಯಿತು ಎಂದು ಆಣೆ ಮಾಡಲಾರೆ. ಚಿಗಪ್ಪನ ಮಗಳ ಮದುವೆಗೆ ಬ್ಯಾನರ್ ಮಾಡಿದವನು ನಾನು. ಅದರಲ್ಲಿ ಚಿಗಪ್ಪನ ಫೋಟೊ ಕೂರಿಸಿದವನೂ ನಾನು. ಆದರೆ ಆ ಫೋಟೊದ ಹಿಂದೆ ಬೆಳಕಿತ್ತೋ, ನೆರಳಿತ್ತೋ, ಎರಡೂ ಇರಲಿಲ್ಲವೋ ಎಂಬುದು ಈಗ ಗೊತ್ತಿಲ್ಲ. ಬಹಳ ಕಾಲ ಗೊತ್ತಿದೆ ಅಂದುಕೊಂಡಿದ್ದೆ. ಸಿಂಧನೂರಿನ ಬಸ್ ನಿಲ್ದಾಣದ ಎದುರಿನ ಚಹಾದಂಗಡಿಯಲ್ಲಿ ಗೆಳೆಯರಿಗೆ ಇದನ್ನು ಎಷ್ಟೋ ಸಲ ಹೇಳಿದ್ದೇನೆ. ಮನುಷ್ಯ ಬದುಕಿದ್ದಾನೋ ಸತ್ತಿದ್ದಾನೋ ತಿಳಿಯದಿದ್ದಾಗ ನಾನು ಎರಡೂ ಎಫೆಕ್ಟ್ ತೆಗೆದು ಬರೀ ಮುಖವನ್ನು ಬಿಟ್ಟೆ, ಗೊತ್ತಿಲ್ಲದ್ದನ್ನು ಗೊತ್ತಿಲ್ಲವೆಂದೇ ಮುದ್ರಿಸಿದೆ ಎಂದು ಮುಗಿಸುತ್ತಿದ್ದೆ. ಅವರು ತಲೆದೂಗುತ್ತಿದ್ದರು. ಅವರು ತಲೆದೂಗಿದಷ್ಟೂ ನನ್ನ ನೆನಪು ಗಟ್ಟಿಯಾಯಿತು.

ಕಲಬುರಗಿಗೆ ಹೋಗಿ ಇತಿಹಾಸದಲ್ಲಿ ಎಂ.ಎ. ಮಾಡಿದವನಿಗೆ ಅಲ್ಲೇ ಅನುಮಾನ ಬರಬೇಕಿತ್ತು. ಹೇಳುವವನಿಗೆ ಇಷ್ಟು ಒಪ್ಪುವ ಕಥೆಯನ್ನು ಬೇರೆ ಯಾರಾದರೂ ತಂದುಕೊಟ್ಟಿದ್ದರೆ ಆಧಾರವೇನು ಎಂದು ನಾನೇ ಕೇಳುತ್ತಿದ್ದೆ.

ಓದು ಮುಗಿಸಿ ಬಂದು ಕಾಲೇಜಿನಲ್ಲಿ ಅತಿಥಿ ಉಪನ್ಯಾಸಕನ ಕೆಲಸಕ್ಕೆ ಕಾಯುತ್ತಿದ್ದಾಗ ಸಿಂಧನೂರಿನಲ್ಲಿ ನನ್ನ ಹೈಸ್ಕೂಲಿನ ಗೆಳೆಯನ ಫ್ಲೆಕ್ಸ್ ಅಂಗಡಿಯಲ್ಲಿ ಕೂರುತ್ತಿದ್ದೆ. ಅವನದು ಮುದ್ರಣದ ಮಷಿನ್, ನನ್ನದು ಡಿಸೈನ್. ಮದುವೆ, ಜವಳ, ಹುಟ್ಟುಹಬ್ಬ, ಶ್ರದ್ಧಾಂಜಲಿ, ಹೊಸದಾಗಿ ಸಂಘದ ಅಧ್ಯಕ್ಷರಾದವರಿಗೆ ಅಭಿನಂದನೆ. ಕೆಲಸ ಕಲಿಯುವುದು ಕಷ್ಟವಾಗಲಿಲ್ಲ. ಆ ಸಾಫ್ಟ್‌ವೇರಿನಲ್ಲಿ ಒಂದೊಂದು ಫೋಟೊ ಒಂದೊಂದು ಲೇಯರ್. ಗಾಜಿನ ಹಾಳೆಗಳನ್ನು ಒಂದರ ಮೇಲೊಂದು ಇಟ್ಟ ಹಾಗೆ ಅವನ್ನು ಜೋಡಿಸಬೇಕು. ಲೇಯರಿನ ಮೇಲೆ ಎರಡು ಸಲ ಒತ್ತಿದರೆ ಎಫೆಕ್ಟುಗಳ ಕಿಟಕಿ ತೆರೆಯುತ್ತದೆ. ಡ್ರಾಪ್ ಶ್ಯಾಡೋ ಎಂದರೆ ಮನುಷ್ಯನ ಹಿಂದೆ ಕಪ್ಪು ನೆರಳು, ಔಟರ್ ಗ್ಲೋ ಎಂದರೆ ಸುತ್ತಲೂ ಹೊಮ್ಮುವ ಬೆಳಕು, ಸ್ಟ್ರೋಕ್ ಎಂದರೆ ಅಂಚಿಗೊಂದು ಗೆರೆ. ಒಬ್ಬನ ನೆರಳನ್ನು ನಕಲು ಮಾಡಿಕೊಂಡು ಇಡೀ ಊರಿಗೆ ಅಂಟಿಸಬಹುದು. ಇವು ಯಾವುವೂ ಒಳಗಿನ ಫೋಟೊವನ್ನು ಮುಟ್ಟುವುದಿಲ್ಲ. ಪಕ್ಕದಲ್ಲಿ ಒಂದು ಕಣ್ಣಿನ ಗುರುತಿರುತ್ತದೆ. ಅದನ್ನು ಒತ್ತಿದರೆ ಎಫೆಕ್ಟ್ ಮಾಯ, ಇನ್ನೊಮ್ಮೆ ಒತ್ತಿದರೆ ಹಾಜರು.

ಯಾವುದನ್ನು ಯಾರಿಗೆ ಹಾಕಬೇಕು ಎಂಬುದು ಮಾತ್ರ ಸಾಫ್ಟ್‌ವೇರಿನಲ್ಲಿ ಇರಲಿಲ್ಲ. ಅದು ನಮ್ಮ ಕಡೆಯ ಅಂಗಡಿಗಳಲ್ಲಿ ತಾನಾಗಿ ಬಂದ ಪದ್ಧತಿ. ದೇವರಿಗೆ ಹಳದಿ ಗ್ಲೋ, ದೊಡ್ಡದು. ತೀರಿಕೊಂಡ ಹಿರಿಯರಿಗೆ ಬಿಳಿ ಗ್ಲೋ, ಸಣ್ಣದು. ಬದುಕಿರುವವರಿಗೆ ಶ್ಯಾಡೋ. ಇದನ್ನು ಯಾರು ಶುರು ಮಾಡಿದರೋ ಕಾಣೆ. ಆದರೆ ಓದಲು ಬಾರದವರೂ ಬ್ಯಾನರ್ ನೋಡಿ, ಈ ಮನೆಯಲ್ಲಿ ಯಾರಿದ್ದಾರೆ ಯಾರಿಲ್ಲ ಎಂದು ಹೇಳುತ್ತಿದ್ದರು. ಒಮ್ಮೆ ಒಬ್ಬ ಗುತ್ತಿಗೆದಾರರು ತಮ್ಮ ಹುಟ್ಟುಹಬ್ಬದ ಬ್ಯಾನರಿಗೆ ಬಂದು, ತಲೆಯ ಹಿಂದೆ ಬೆಳಕು ಬೇಕೆಂದು ಹಟ ಹಿಡಿದರು.

"ಗ್ಲೋ ಹಾಕ್ರಿ. ದೇವರಂಗ ಕಾಣಬೇಕು ನಾನು."

ಗೆಳೆಯ ಮಷಿನ್ ಹತ್ತಿರದಿಂದಲೇ ಕೂಗಿದ. "ದೇವರಂಗ ಕಾಣ್ತೀರಿ ಸಾವ್ಕಾರ್ರ, ಖರೇ. ಆದ್ರ ನಾಳೆ ಮುಂಜಾನೆ ಮಂದಿ ಹಾರ ತಗೊಂಡು ನಿಮ್ಮನಿಗೆ ಬರ್ತಾರ. ಅಡ್ಡಿಲ್ಲೇನು?"

ಅವರು ಶ್ಯಾಡೋ ಹಾಕಿಸಿಕೊಂಡು ಹೋದರು.

ಚಿಗಪ್ಪನ ವಿಷಯ ಹೇಳಬೇಕು. ಅವನು ನಮ್ಮಪ್ಪನ ತಮ್ಮ. ಮೂವರು ಅಣ್ಣತಮ್ಮಂದಿರಲ್ಲಿ ದೊಡ್ಡಪ್ಪ ವಳಕಮದಿನ್ನಿಯಲ್ಲಿ ಕಾಲುವೆ ನೀರಿನ ಗದ್ದೆ ನೋಡಿಕೊಂಡು ಉಳಿದ. ನಮ್ಮಪ್ಪ ಸಿಂಧನೂರಿಗೆ ಬಂದ. ಚಿಗಪ್ಪ ಮಸ್ಕಿಯಲ್ಲಿ ಮನೆ ಮಾಡಿದ. ಭತ್ತ ಕೊಯ್ಯುವ ಮಷಿನ್ ನಡೆಸುತ್ತಿದ್ದ. ಸುಗ್ಗಿ ಬಂದರೆ ಆಂಧ್ರದ ಕಡೆಯೆಲ್ಲ ತಿರುಗಿ ಬರುತ್ತಿದ್ದ. ಒಂದು ಸುಗ್ಗಿಗೆ ಹೋದವನು ಬರಲಿಲ್ಲ. ಜೊತೆಗೆ ಹೋದವರು ನಡುವೆ ಎಲ್ಲೋ ಇಳಿದುಕೊಂಡ ಎಂದರು. ಆದವಾನಿಯಲ್ಲಿ ಕಂಡೆ ಎಂದು ಒಬ್ಬರು, ಗಂಗಾವತಿಯಲ್ಲಿ ಎಂದು ಇನ್ನೊಬ್ಬರು. ಹುಡುಕಿದ್ದಾಯಿತು, ಠಾಣೆಗೆ ಹೇಳಿದ್ದಾಯಿತು. ಹೆಣವೂ ಸಿಗಲಿಲ್ಲ, ಸುದ್ದಿಯೂ ಸಿಗಲಿಲ್ಲ. ಚಿಗವ್ವ ಮನೆಯಲ್ಲೇ ಹೆಂಗಸರ ಜಂಪರ್ ಹೊಲಿಯುತ್ತಾ ಮಗಳನ್ನು ಬೆಳೆಸಿದಳು. ತಾಳಿ ತೆಗೆಯಲಿಲ್ಲ, ಕುಂಕುಮ ಬಿಡಲಿಲ್ಲ. ತೆಗಿ ಎಂದು ಹೇಳುವ ಧೈರ್ಯ ಯಾರಿಗೂ ಇರಲಿಲ್ಲ.

ಮಗಳಿಗೆ ಲಿಂಗಸುಗೂರಿನ ಸಂಬಂಧ ಕೂಡಿಬಂತು. ಬ್ಯಾನರ್ ನನ್ನ ಪಾಲಿಗೆ ಬಂತು.

ಮೇಲಿನ ಸಾಲಿನಲ್ಲಿ ಹಿರಿಯರು, ನಡುವೆ ಮದುಮಕ್ಕಳು, ಕೆಳಗೆ ಎರಡೂ ಕಡೆಯ ಬಂಧುಗಳು. ಅಜ್ಜನಿಗೆ ಗ್ಲೋ ಹಾಕಿದೆ, ಅಜ್ಜಿಗೆ ಹಾಕಿದೆ. ನಮ್ಮಪ್ಪನಿಗೂ ಅಜ್ಜನದನ್ನೇ ನಕಲು ಮಾಡಿ ಅಂಟಿಸಿದೆ. ಕೈ ಅಳುಕಲಿಲ್ಲ. ಅಪ್ಪನನ್ನು ಮಣ್ಣು ಮಾಡಿದ್ದು ನಾನೇ. ಮುಂದಿನ ಲೇಯರ್ ಚಿಗಪ್ಪನದು. ಅಲ್ಲಿ ಕೈ ನಿಂತಿತು. ನನಗೆ ಇದು ಚೆನ್ನಾಗಿ ನೆನಪಿದೆ ಎಂದು ಬರೆಯಬೇಕೆನಿಸುತ್ತದೆ. ಆದರೆ ಕೈ ನಿಂತದ್ದು ಆಗಲೋ, ದೊಡ್ಡಪ್ಪ ಬಂದು ಮಾತಾಡಿದ ಮೇಲೋ ಹೇಳುವುದು ಕಷ್ಟ.

ದೊಡ್ಡಪ್ಪ ಬಂದದ್ದಂತೂ ಹೌದು. ಪ್ಲಾಸ್ಟಿಕ್ ಚೀಲದಲ್ಲಿ ಇನ್ನಷ್ಟು ಬಂಧುಗಳ ಫೋಟೊ ಹಿಡಿದುಕೊಂಡು ಬೈಕಿನ ಮೇಲೆ ಬಂದಿದ್ದ. ಟವೆಲ್ಲಿನಿಂದ ಮುಖ ಒರೆಸಿಕೊಂಡು ಪರದೆಗೆ ಮೂಗು ತಾಗುವಷ್ಟು ಬಗ್ಗಿ ನೋಡಿದ.

"ನಿಮ್ಮಪ್ಪಗ ಹಾಕೀಯಲ್ಲ ಬೆಳ್ಳಂದು, ಅದನ್ನ ಇವಗೂ ಹಾಕು."

"ಚಿಗಪ್ಪ ಸತ್ತಾನಂತ ಯಾರು ಹೇಳ್ಯಾರ ದೊಡ್ಡಪ್ಪಾ?"

"ಬದುಕ್ಯಾನಂತ ಯಾರು ಹೇಳ್ಯಾರ? ಓದಿದವ ಅದೀಯಲ್ಲ, ಹೇಳು."

ನನ್ನ ಗೆಳೆಯ ನಗು ತಡೆಯಲು ಮಷಿನ್ ಕಡೆ ತಿರುಗಿಕೊಂಡ.

"ಲಿಂಗಸುಗೂರು ಬೀಗರಿಗೆ ಹುಡುಗಿ ತಂದಿ ತೀರಿಕೊಂಡಾನ ಅಂತ ಹೇಳೀನಿ," ಎಂದ ದೊಡ್ಡಪ್ಪ, ದನಿ ಇಳಿಸಿ. "ಮನಿ ಬಿಟ್ಟು ಹೋಗ್ಯಾನ ಅಂದ್ರ ಹೆಣ್ಣು ಯಾರು ಒಯ್ತಾರಲೇ? ಬಾಗಲದಾಗ ಬ್ಯಾನರ್ ನೋಡಿ, ಅರೆ, ಇವ್ರು ಬದುಕ್ಯಾರೇನು ಅಂದ್ರ ನಾ ಎಲ್ಲಿ ಮಾರಿ ಇಡ್ಲಿ?"

"ಚಿಗವ್ವಗ ಹೇಳೀಯೇನು ಇದನ್ನ?"

ಅವನು ರಸ್ತೆಯ ಕಡೆ ನೋಡಿದ. "ಆಕಿ ಕುಂಕುಮ ಹಚ್ಚಿಗೊಂಡ್ರ ನಾ ಎಂದರ ಬ್ಯಾಡ ಅಂದೀನೇನು? ಹಚ್ಚಿಗೊಳ್ಲಿ. ಬೀಗರ ಮುಂದ ಅಷ್ಟ ಬರೋದು ಬ್ಯಾಡ. ಅಳಿಯಗ ಬಾಗಲದಾಗ ಆರತಿ ಮಾಡಾಕ ನಿಮ್ಮ ದೊಡ್ಡವ್ವ ಅದಾಳ."

ಆಗ ನನಗೆ ವಿಷಯದ ಭಾರ ತಿಳಿಯಿತು. ನಾನು ಬಿಳಿ ಬೆಳಕು ಹಾಕಿದರೆ ಚಿಗವ್ವ ವಿಧವೆ. ಕಲ್ಯಾಣ ಮಂಟಪದ ಬಾಗಿಲಲ್ಲಿ, ಅಷ್ಟು ಜನರ ಕಣ್ಣೆದುರು, ಯಾರೂ ಬಾಯಿಬಿಟ್ಟು ಹೇಳದೆ ಬ್ಯಾನರೇ ಹೇಳುತ್ತದೆ. ಆಮೇಲೆ ಅವಳು ಮಗಳ ಮದುವೆಯಲ್ಲಿ ಆರತಿ ತಟ್ಟೆ ಮುಟ್ಟುವಂತಿಲ್ಲ. ಕಪ್ಪು ನೆರಳು ಹಾಕಿದರೆ ದೊಡ್ಡಪ್ಪ ಸುಳ್ಳುಗಾರ. ಸಂಬಂಧ ಮುರಿಯದಿದ್ದರೂ ಮಂಟಪದ ಬಾಗಿಲಲ್ಲೇ ಮಾತು ಏಳುತ್ತದೆ.

ಚಿಗವ್ವನನ್ನು ಕೇಳಲು ಮಸ್ಕಿಗೆ ಹೋದೆ. ಎರಡೂ ಬಗೆಯ ಚಿತ್ರಗಳನ್ನು ಮೊಬೈಲಿಗೆ ಹಾಕಿಕೊಂಡಿದ್ದೆ. ನನ್ನ ನೆನಪಿನಲ್ಲಿ ಅವಳು ಹೊಲಿಗೆ ಮಷಿನ್ ತುಳಿಯುತ್ತಿದ್ದಾಳೆ. ನಾನು ಹೊಸ್ತಿಲ ಬಳಿ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತಿದ್ದೇನೆ. ಅವಳು ಕನ್ನಡಕ ಏರಿಸಿ ಮೊಬೈಲನ್ನು ದೂರ ಹಿಡಿದು ನೋಡಿದಳು.

"ಮೀಸಿಗೆ ಯಾಕ ಇಷ್ಟು ಕಪ್ಪು ಬಳದೀ ತಮ್ಮಾ? ಹೋಗುವಾಗ ಅರ್ಧ ಬೆಳ್ಳಗಾಗಿದ್ವು."

"ನಾ ಏನೂ ಮಾಡಿಲ್ಲ ಚಿಗವ್ವ. ಹಳೇ ಫೋಟೊ."

"ಫೋಟೊದಾಗ ಯಾವಾಗ್ಲೂ ಚಂದ ಕಾಣ್ತಿದ್ದ ಬಿಡು. ಮನ್ಯಾಗಿನ ಮಾರಿ ಬ್ಯಾರೆ ಇತ್ತು." ನಕ್ಕಳು. ಆಮೇಲೆ ಬೆರಳಿನಿಂದ ಸರಿಸಿ ಎರಡನೆಯ ಚಿತ್ರ ನೋಡಿದಳು. "ಎಲ್ಡು ಯಾಕ ತಂದೀ?"

"ದೊಡ್ಡಪ್ಪ ಬೆಳಕು ಹಾಕು ಅಂತಾನ."

ಚಕ್ರದ ಮೇಲೆ ಕೈಯಿಟ್ಟು ಮಷಿನ್ ನಿಲ್ಲಿಸಿದಳು.

"ಬೆಳಕು ಹಾಕಿದ್ರ ಏನಾಗ್ತೈತಿ ಗೊತ್ತೈತಿಲ್ಲೋ? ಅಳಿಯ ಬಾಗಲಿಗೆ ಬಂದಾಗ ನಾ ಒಳಗ ಕುಂತು ಬದನಿಕಾಯಿ ಹೆಚ್ಚಬೇಕು. ಹಡದಾಕಿ ನಾನು, ಆರತಿ ಎತ್ತಾಕಿ ಮತ್ತೊಬ್ಬಾಕಿ."

"ಹಂಗಾದ್ರ ನೆರಳ ಇರ್ಲೇನು?"

ಇಲ್ಲಿಂದ ಮುಂದೆ ನನ್ನ ಬಳಿ ಎರಡು ಉತ್ತರಗಳಿವೆ. ಒಂದರಲ್ಲಿ ಚಿಗವ್ವ, "ಬದುಕ್ಯಾನ ಅಂತ ನಾ ಹೇಳಂಗಿಲ್ಲ, ಸತ್ತಾನ ಅಂತ ನೀನೂ ಹೇಳಬ್ಯಾಡ," ಎನ್ನುತ್ತಾಳೆ. ಇನ್ನೊಂದರಲ್ಲಿ, "ನಿಂಗ ತಿಳದಂಗ ಮಾಡಪಾ, ನಂಗ ಜಂಪರ್ ಮುಗಸೋದೈತಿ," ಎಂದು ಮತ್ತೆ ಮಷಿನ್ ತುಳಿಯುತ್ತಾಳೆ. ಮೊದಲನೆಯ ಮಾತು ನಾನು ಚಹಾದಂಗಡಿಯಲ್ಲಿ ಹೇಳುತ್ತಿದ್ದ ಕಥೆಗೆ ಹೇಳಿ ಮಾಡಿಸಿದಂತಿದೆ. ಅದಕ್ಕೇ ನನಗೆ ಅದರ ಮೇಲೆ ನಂಬಿಕೆ ಕಡಿಮೆ. ಎರಡನೆಯದು ಚಿಗವ್ವನ ಬಾಯಿಗೆ ಹತ್ತಿರವಾಗಿದೆ. ಆದರೆ ಹತ್ತಿರವಾಗಿರುವುದೂ ಆಧಾರವಲ್ಲ.

ಅಂಗಡಿಗೆ ವಾಪಸು ಬಂದು ಚಿಗಪ್ಪನ ಲೇಯರಿನ ಮುಂದೆ ಕೂತೆ. ಗ್ಲೋ ಹಾಕಿದೆ. ಕಣ್ಣಿನ ಗುರುತು ಒತ್ತಿ ತೆಗೆದೆ. ಶ್ಯಾಡೋ ಹಾಕಿದೆ. ತೀರಾ ಗಟ್ಟಿಯಾಗಿ ಕಂಡಿತು, ತುಸು ಮಸುಕು ಮಾಡಿದೆ. ಮಸುಕು ಮಾಡಿದರೆ ಮನುಷ್ಯ ಅರ್ಧ ಇದ್ದು ಅರ್ಧ ಇಲ್ಲದಂತೆ ಕಂಡ. ಅದು ನಿಜಕ್ಕೆ ಹತ್ತಿರ ಎನಿಸಿ ಖುಷಿಯಾಯಿತು. ಮರುಗಳಿಗೆಯೇ, ಇದೇನು ಹುಚ್ಚು, ಮುನ್ನೂರು ಜನ ಊಟಕ್ಕೆ ಬರುವ ಮದುವೆಯಲ್ಲಿ ಇದನ್ನು ಯಾರು ಓದುತ್ತಾರೆ ಎಂದು ನಾಚಿಕೆಯಾಯಿತು. ನೆರಳನ್ನು ಇನ್ನೊಂದು ಕಡೆಗೆ ತಿರುಗಿಸಿದರೆ ಹೇಗೆ ಎಂದು ಕೋನ ಬದಲಿಸಿದೆ. ಗೆಳೆಯ ಹಿಂದಿನಿಂದ ಕಿರುಚಿದ.

"ಲೇ ಮೇಷ್ಟ್ರ! ಬೀಗರ ನೆರಳೆಲ್ಲ ಯಾಕ ಹೊಳ್ಳಾಕತ್ತಾವು?"

ನೋಡಿದರೆ ಹೌದು. ಮದುಮಗ, ಅವನ ಅಪ್ಪ, ಅಕ್ಕಂದಿರು, ಭಾವಂದಿರು, ನಮ್ಮ ದೊಡ್ಡಪ್ಪ, ಎಲ್ಲರ ನೆರಳೂ ಚಿಗಪ್ಪನದರ ಜೊತೆ ಎಡಕ್ಕೆ ಹೊರಳಿತ್ತು. ಆ ಸಾಫ್ಟ್‌ವೇರಿನಲ್ಲಿ ಎಲ್ಲ ಲೇಯರುಗಳಿಗೂ ಒಂದೇ ಸೂರ್ಯ ಎಂಬ ಏರ್ಪಾಡಿದೆ. ಅದರ ಟಿಕ್ ತೆಗೆಯದೆ ಒಬ್ಬನ ನೆರಳನ್ನು ತಿರುಗಿಸಿದರೆ ಎಲ್ಲರದೂ ತಿರುಗುತ್ತದೆ. ನಾನು ಮೌಸ್ ಹಿಡಿದು ಅತ್ತಿತ್ತ ಎಳೆದೆ. ಇಡೀ ಬಂಧುಬಳಗದ ನೆರಳು ಗಡಿಯಾರದ ಮುಳ್ಳಿನ ಹಾಗೆ ಸುತ್ತಿತು.

"ಒಂದ್ ಕಡೆ ನಿಲ್ಸು ಮಾರಾಯ. ಮದಿವಿ ಮುಗದು ಕೂಸು ಹುಟ್ಟತೈತಿ, ನಿನ್ನ ಬ್ಯಾನರ್ ಮುಗ್ಯಾಂಗಿಲ್ಲ."

"ಏನ್ ಹಾಕ್ಲಿ ಹೇಳು."

"ನೀ ಹೊರಗ ಹೋಗಿ ಚಾ ಕುಡಿ. ನಾ ನೋಡ್ತೀನಿ."

ನಾನು ಚಹಾಕ್ಕೆ ಹೋದೆನೇ? ನನ್ನ ಕಥೆಯಲ್ಲಿ ಹೋಗುವುದಿಲ್ಲ. ಎರಡೂ ಎಫೆಕ್ಟಿನ ಕಣ್ಣು ಮುಚ್ಚಿಸಿ, ಫೈಲ್ ಸೇವ್ ಮಾಡಿ, ನಾನೇ ಮುದ್ರಣಕ್ಕೆ ಕಳಿಸುತ್ತೇನೆ. ಆದರೆ ಗೆಳೆಯ ಆ ಮಾತು ಹೇಳಿದ್ದಂತೂ ನೆನಪಿದೆ. ಚಹಾ ಕುಡಿ ಎಂದಾಗ ಬೇಡ ಎಂದು ಕೂತವನಲ್ಲ ನಾನು.

ಮದುವೆಯ ದಿನದ ನೆನಪು ಇನ್ನೂ ಕಲಸಿಹೋಗಿದೆ. ಮಸ್ಕಿಯ ಕಲ್ಯಾಣ ಮಂಟಪದ ಬಾಗಿಲಿಗೆ ಬ್ಯಾನರ್ ಕಟ್ಟಿದ್ದರು. ದೊಡ್ಡಪ್ಪ ಅದರ ಮುಂದೆ ನಿಂತು, ಮೇಲಿನ ಸಾಲು ನೋಡಿ ಒಳಗೆ ಹೋದ. ವಾಲಗ ಜೋರಾಯಿತು, ಮದುಮಗನ ಗಾಡಿ ಬಂತು, ಚಿಗವ್ವ ಹಸಿರು ಸೀರೆಯುಟ್ಟು ಆರತಿ ತಟ್ಟೆ ಹಿಡಿದು ಹೊಸ್ತಿಲಲ್ಲಿ ನಿಂತಳು. ಇಷ್ಟೂ ನನ್ನ ಕಣ್ಣಮುಂದಿದೆ. ಬಣ್ಣ ಸಹಿತ ಇದೆ. ಬ್ಯಾನರಿಗೆ ಹಸಿರು ಹಿನ್ನೆಲೆ ಹಾಕಿದ್ದವನೂ ನಾನೇ ಆದ್ದರಿಂದ ಸೀರೆಯ ಬಣ್ಣ ಎಲ್ಲಿಂದ ಬಂತು ಎಂಬುದು ಬೇರೆ ಪ್ರಶ್ನೆ.

ಈ ಕಥೆ ಹೀಗೇ ಇದ್ದುಬಿಡುತ್ತಿತ್ತು. ಕಳೆದ ಬೇಸಿಗೆಯಲ್ಲಿ ತಹಶೀಲ್ದಾರ ಕಚೇರಿಯ ಕೆಲಸಕ್ಕೆ ಲಿಂಗಸುಗೂರಿಗೆ ಹೋದವನು ಊಟಕ್ಕೆ ತಂಗಿಯ, ಅಂದರೆ ಚಿಗಪ್ಪನ ಮಗಳ, ಮನೆಗೆ ಹೋದೆ. ಅವಳು ರೊಟ್ಟಿ ಬಡಿಯುತ್ತಿದ್ದಳು. ಎಂದಿನ ಹಾಗೆ ಬ್ಯಾನರಿನ ಕಥೆ ಶುರು ಮಾಡಿ, ಎರಡೂ ತೆಗೆದು ಬರೀ ಮುಖ ಬಿಟ್ಟೆ ಎಂಬಲ್ಲಿಗೆ ಬಂದೆ. ಅವಳು ರೊಟ್ಟಿ ಬಡಿಯುವುದನ್ನು ನಿಲ್ಲಿಸಿದಳು.

"ಯಾಕಣ್ಣಾ ಸುಳ್ಳು ಹೇಳ್ತೀ? ನಮ್ಮಪ್ಪನ ಹಿಂದ ಬೆಳ್ಳಗ ಇತ್ತು."

"ಇರಲಿಲ್ಲ ಬೇ."

"ಇತ್ತು. ಗಾಡಿ ಇಳಿಯೋವಾಗ ನೋಡೀನಿ ನಾನು. ನೋಡಿದ ಕೂಡ್ಲೆ ಅಳು ಬಂತು. ಕಾಡಿಗಿ ಹರದು ಮಾರಿ ತುಂಬ ಆತು, ಬ್ಯೂಟಿ ಪಾರ್ಲರಿನಾಕಿ ಬೈದ್ಲು. ಅದೂ ಸುಳ್ಳೇನು?"

ಅವಳು ಹಂಚಿನ ಮೇಲೆ ರೊಟ್ಟಿ ಹಾಕಿ ನೀರು ಸವರಿದಳು.

"ಮತ್ತ ಆರತಿ ಎತ್ತಿದ್ದೂ ನಮ್ಮವ್ವ ಅಲ್ಲ. ದೊಡ್ಡವ್ವ. ನಮ್ಮತ್ತಿ ಈಗೂ ಅದನ್ನ ಅಂತಾರ, ನಿಮ್ಮ ದೊಡ್ಡವ್ವ ಎಷ್ಟು ಚಂದ ಆರತಿ ಹಾಡು ಹೇಳಿದ್ರು ಅಂತ."

"ನಿಮ್ಮತ್ತಿಗೆ ನಿಮ್ಮಪ್ಪನ ವಿಷಯ ಈಗ ಗೊತ್ತೈತೇನು?"

"ಈಗ? ನಿಶ್ಚಯ ಆಗೂಕಿಂತ ಮೊದಲ ಗೊತ್ತಿತ್ತು. ಮಸ್ಕಿ ಸಂತಿಗೆ ಇಲ್ಲಿಂದ ಎಷ್ಟು ಮಂದಿ ಹೋಗ್ತಾರ, ಒಬ್ಬರರ ಹೇಳ್ದ ಇರ್ತಾರೇನು? ದೊಡ್ಡಪ್ಪ ಮಾರಿ ಸಣ್ಣದು ಮಾಡ್ಕೊಂಡು ಸತ್ತಾನ ಅಂತ ಹೇಳಿದ್ರ ಇವ್ರು ಹೌದ್ರೀ ಪಾಪ ಅಂದಾರ. ಆಮ್ಯಾಲ ಮನಿಗೆ ಬಂದು ನಕ್ಕಾರಂತ."

ಹಾಗಾದರೆ ಅಷ್ಟು ಬೆಳಕು, ಅಷ್ಟು ನೆರಳು, ಯಾರಿಗಾಗಿ? ಊಟ ರುಚಿಸಲಿಲ್ಲ. ಬೀಗರಿಗೆ ಗೊತ್ತಿದ್ದದ್ದು ನನ್ನನ್ನು ಅಷ್ಟು ಬಾಧಿಸಲಿಲ್ಲ. ತಂಗಿಯ ಮಾತು ನಿಜವಾದರೆ ನಾನು ಗ್ಲೋ ಹಾಕಿದ್ದೇನೆ, ಅಥವಾ ಹಾಕಲು ಬಿಟ್ಟಿದ್ದೇನೆ, ಚಿಗವ್ವ ಅಡಿಗೆಮನೆಯಲ್ಲಿ ಬದನೆಕಾಯಿ ಹೆಚ್ಚುತ್ತಾ ಕೂತಿದ್ದಾಳೆ. ಅದನ್ನು ಮರೆತು ನಾನು ಅವಳ ಕೈಗೆ ತಟ್ಟೆ ಕೊಟ್ಟು, ಹಸಿರು ಸೀರೆ ಉಡಿಸಿ, ವರ್ಷಗಟ್ಟಲೆ ನೋಡುತ್ತಾ ಬಂದಿದ್ದೇನೆ. ಬ್ಯಾನರ್ ಏನೇ ಆಗಿರಲಿ, ತಟ್ಟೆ ಯಾರ ಕೈಯಲ್ಲಿತ್ತು ಎಂಬುದು ಗೊತ್ತಾಗಲೇಬೇಕು ಅನಿಸಿತು.

ಮುಂದಿನ ಭಾನುವಾರ ವಳಕಮದಿನ್ನಿಗೆ ಹೋದೆ. ಹಳೆಯ ಫ್ಲೆಕ್ಸುಗಳು ನಮ್ಮ ಕಡೆ ಎಲ್ಲಿಗೆ ಹೋಗುತ್ತವೆ ಎಂಬುದು ಎಲ್ಲರಿಗೂ ಗೊತ್ತು. ದೊಡ್ಡಪ್ಪನ ಹಿತ್ತಲಿನಲ್ಲಿ ಹುಲ್ಲಿನ ಬಣವೆಯ ಮೇಲೆ ನಮ್ಮ ಮದುವೆ ಬ್ಯಾನರ್ ಮಲಗಿತ್ತು. ಮದುಮಕ್ಕಳು ಬಿಸಿಲಿಗೆ ನೀಲಿಯಾಗಿದ್ದರು. ಮೇಲಿನ ಸಾಲು ಇರಲಿಲ್ಲ.

"ಅದನ್ನ ಕತ್ತರಿಸಿ ಟ್ರ್ಯಾಕ್ಟರ್ ಸೀಟಿಗೆ ಹಾಕಿದ್ವಿ," ಎಂದ ದೊಡ್ಡಪ್ಪ. "ಅದೂ ಹರದು ಹೋತು."

"ಅಜ್ಜನ ಮ್ಯಾಲ ಕುಂತಿದ್ದೇನು?"

"ತಿರುವಿ ಹಾಕಿದ್ದೆ ಬಿಡಲೇ."

ಚಿಗಪ್ಪನ ಹಿಂದೆ ಏನಿತ್ತು ಎಂದು ಕೇಳಿದೆ. ಅವನಿಗೆ ಎಳ್ಳಷ್ಟೂ ಸಂಶಯವಿರಲಿಲ್ಲ. "ಕರ್ರಗ ಬಳದಿದ್ದಿ ನೀ. ನನ್ನ ಮಾತು ಕೇಳಲಿಲ್ಲ. ಬಾಗಲದಾಗ ನೋಡಿ ನನ್ನ ಎದಿ ಝಲ್ ಅಂತು." ಒಳಗಿನಿಂದ ದೊಡ್ಡವ್ವ ಕೂಗಿದಳು, "ಆರತಿ ನಾನ ಎತ್ತಿದ್ದು, ಬೇಕಾದ್ರ ಹಾಡು ಹೇಳ್ಲೇನು ಈಗ?" ಹೇಳಿಯೂ ಹೇಳಿದಳು.

ತಂಗಿಗೆ ಬೆಳಕು, ದೊಡ್ಡಪ್ಪನಿಗೆ ನೆರಳು, ನನಗೆ ಏನೂ ಇಲ್ಲ. ಒಂದೇ ಬ್ಯಾನರಿನ ಮುಂದೆ ಮೂವರು ನಿಂತಿದ್ದೆವು. ಯಾರು ಯಾವುದಕ್ಕೆ ಹೆದರಿದ್ದರೋ ಅದನ್ನೇ ಕಂಡಂತಿತ್ತು. ಹಾಗಾದರೆ ನಾನು ಹೆದರಿದ್ದು ಯಾವುದಕ್ಕೆ? ಯಾವುದೋ ಒಂದು ಕಡೆ ನಿಲ್ಲುವುದಕ್ಕೇ ಇರಬೇಕು. ಇದು ಅಚ್ಚುಕಟ್ಟಾದ ವಿವರಣೆ. ನನಗೆ ಅಚ್ಚುಕಟ್ಟಾದವುಗಳ ಮೇಲೆ ಈಗ ವಿಶ್ವಾಸವಿಲ್ಲ.

ಗೆಳೆಯನನ್ನು ಕೇಳಿದೆ. ಅಂಗಡಿ ಈಗ ದೊಡ್ಡದಾಗಿದೆ. ಅಂದಿನ ಕಂಪ್ಯೂಟರ್ ಯಾವಾಗಲೋ ಕೆಟ್ಟು, ಫಾರ್ಮ್ಯಾಟ್ ಆಗಿ, ಯಾರಿಗೋ ಹೋಗಿದೆ. ಅವನು ಮಾತ್ರ ಎದೆಯುಬ್ಬಿಸಿ ಹೇಳಿದ.

"ನಾ ಮಾಡೀನಲ್ಲೋ ಅದನ್ನ! ನೀ ಚಾಕ್ಕ ಹೋಗಿದ್ದಿ. ಸ್ಟ್ರೋಕ್ ಹಾಕ್ದೆ ನೋಡು, ಬೆಳ್ಳಂದು, ತೆಳ್ಳಗ. ದೂರಿಂದ ನೋಡಿದವರಿಗೆ ಗ್ಲೋ, ಹತ್ರ ಬಂದವರಿಗೆ ಬರೇ ಗೆರಿ. ಎಲ್ಲಾರೂ ಖುಷ್."

ಒಂದು ಗಳಿಗೆ ಎಲ್ಲವೂ ಕೂಡಿಕೊಂಡಂತಾಯಿತು. ಆದರೆ ದೊಡ್ಡಪ್ಪ ಕಂಡ ಕಪ್ಪು?

"ಅದ್ರ ಹಿಂದ ಸ್ವಲ್ಪ ಶ್ಯಾಡೋನೂ ಇತ್ತೇನೋ," ಎಂದ. ಸ್ವಲ್ಪ ಯೋಚಿಸಿ, "ನಿಮ್ಮ ತಂಗೀದು ಕವಿತಾಳದ ಮದಿವಿ ಅಲ್ಲೇನು? ನವಿಲಿನ ಡಿಸೈನು?" ಎಂದ. ನಮ್ಮದು ಮಸ್ಕಿಯ ಮದುವೆ, ನವಿಲು ಇರಲಿಲ್ಲ. ಅವನ ಸಾಕ್ಷ್ಯವನ್ನೂ ಬಿಟ್ಟೆ.

ಕೊನೆಗೆ ಚಿಗವ್ವನ ಬಳಿ ಹೋದೆ. ಮೊದಲೇ ಹೋಗಬೇಕಿತ್ತು. ಆದರೆ ಕೇಳಬೇಕಾದ ಪ್ರಶ್ನೆ ಅಂಥದ್ದು. ನೀನು ಆ ದಿನ ಒಳಗೆ ಕೂತಿದ್ದೆಯಾ ಎಂದು ಅವಳನ್ನು ಕೇಳುವುದು ಹೇಗೆ? ನಾನು ಸುತ್ತಿ ಬಳಸಿ, ಅಂದು ನೀ ಮಷಿನ್ ಮೇಲೆ ಕೂತಿದ್ದೆಯಲ್ಲ, ಮೊಬೈಲ್ ತೋರಿಸಿದೆನಲ್ಲ ಎಂದು ಶುರು ಮಾಡಿದೆ.

"ಯಾವ ಮಷಿನ್? ಮದಿವಿ ತಿಂಗಳ ಮಷಿನ್ ರಿಪೇರಿಗೆ ಕೊಟ್ಟಿದ್ದೆ. ಕೈಲೆ ಹುಕ್ ಹಚ್ಚಿ ಹಚ್ಚಿ ಬೆರಳು ತೂತು ಬಿದ್ದಿದ್ವು."

ಚಕ್ರದ ಮೇಲೆ ಕೈಯಿಟ್ಟು ನಿಲ್ಲಿಸಿದ್ದು, ಮತ್ತೆ ತುಳಿದದ್ದು ಎಲ್ಲ ಹೋಯಿತು. ಇನ್ನುಳಿದದ್ದನ್ನು ನೇರವಾಗಿಯೇ ಕೇಳಿದೆ. "ಬ್ಯಾನರಿನ್ಯಾಗ ಚಿಗಪ್ಪನ ಹಿಂದ ಏನಿತ್ತು ಚಿಗವ್ವ?"

"ನಾ ಬ್ಯಾನರ್ ನೋಡಿಲ್ಲ."

"ಬಾಗಲದಾಗ ಇತ್ತಲ್ಲ."

"ಇತ್ತು. ಮುಂಜಾನೆ ಒಳಗ ಹೋಗುವಾಗ ತಲಿ ಬಗ್ಗಿಸಿ ಹೋದೆ. ಆರತಿಗೆ ಬಂದಾಗ ಅದರ ಕಡೆ ಬೆನ್ನು ಮಾಡಿ ನಿಂತೆ. ನೀ ಏನ್ ಹಾಕೀ ಏನ್ ಬಿಟ್ಟೀ, ನಂಗ ಬೇಕಾಗಿರಲಿಲ್ಲ. ಯಾರರ ಬ್ಯಾಡ ಅನ್ನೂತನಕ 'ನಂದ ಹಕ್ಕು' ಅಂತ ಹೋಗಿ ನಿಂತೆ. ಯಾರೂ ಅನ್ನಲಿಲ್ಲ."

"ದೊಡ್ಡವ್ವ ತಾ ಎತ್ತೀನಿ ಅಂತಾಳ. ನಿನ್ನ ಮಗಳೂ ಹಂಗ ಅಂತಾಳ."

ಅವಳ ಮುಖ ಬಿಗಿಯಿತು. "ಮಗಳು ಗಾಡ್ಯಾಗ ಅಳಾಕತ್ತಿದ್ಲು, ಆಕಿಗೇನು ಕಾಣ್ತದ? ನಿಮ್ಮ ದೊಡ್ಡವ್ವ ಹಾಡು ಹೇಳಿರಬೇಕು. ತಟ್ಟಿ ನನ್ನ ಕೈಯಾಗಿತ್ತು." ಆಮೇಲೆ ತಡೆದು, ನನ್ನನ್ನೇ ನೋಡುತ್ತಾ ಕೇಳಿದಳು, "ಇತ್ತಲ್ಲೋ ತಮ್ಮಾ? ನೀನೂ ಇದ್ದಿ ಅಲ್ಲಿ. ನೀ ನೋಡೀಯಿಲ್ಲೋ?"

ನೋಡಿದ್ದೇನೆ ಎಂದು ಹೇಳಲು ಬಾಯಿ ತೆರೆದೆ. ಹಸಿರು ಸೀರೆ, ಹೊಸ್ತಿಲು, ತಟ್ಟೆ, ಎಲ್ಲ ಕಣ್ಣೆದುರು ಇತ್ತು. ಹೊಲಿಗೆ ಮಷಿನ್ ಕೂಡ ಅಷ್ಟೇ ಸ್ಪಷ್ಟವಾಗಿ ಇತ್ತಲ್ಲ ಎನಿಸಿತು. "ನೋಡಿ ಹೇಳ್ತೀನಿ ಚಿಗವ್ವ," ಎಂದೆ. ಎಂಥ ಉತ್ತರ ಅದು. ಅವಳು ಒಳಗೆ ಹೋಗಿ ಚಹಾಕ್ಕಿಟ್ಟಳು.

ತಂಗಿಯ ಮದುವೆಯ ವಿಡಿಯೊ ಅವಳ ಗಂಡನ ಬಳಿ ಪೆನ್‌ಡ್ರೈವಿನಲ್ಲಿತ್ತು. ಸಿಡಿ ಹಾಳಾಗುವ ಮೊದಲು ಅದಕ್ಕೆ ಹಾಕಿಸಿಕೊಂಡಿದ್ದನಂತೆ. ಲಿಂಗಸುಗೂರಿಗೆ ಹೋಗಿ ಇಸಿದುಕೊಂಡು ಬಂದು, ಮನೆಯಲ್ಲಿ ಕಿಟಕಿ ಮುಚ್ಚಿ ಲ್ಯಾಪ್‌ಟಾಪಿನಲ್ಲಿ ಹಾಕಿದೆ. ವಿಡಿಯೊ ಮಾಡಿದವನು ನಮ್ಮಂಥವನೇ, ಎಫೆಕ್ಟ್ ಹುಚ್ಚಿನವನು. ಅರಿಶಿನ ಹಚ್ಚುವಾಗ ಮೂಲೆಯಿಂದ ಚಿಟ್ಟೆಗಳು ಹಾರುತ್ತವೆ. ತಂಗಿಯ ಮುಖ ಹೃದಯದ ಆಕಾರದೊಳಗೆ ತಿರುಗುತ್ತಾ ಬಂದು ನಿಲ್ಲುತ್ತದೆ. ಮದುಮಗನ ಗಾಡಿ ಮಂಟಪಕ್ಕೆ ಬರುವ ಹೊತ್ತಿಗೆ ನಾನು ಕುರ್ಚಿಯ ತುದಿಗೆ ಬಂದಿದ್ದೆ.

ಬ್ಯಾನರ್ ಕಂಡಿತು. ಅದರ ಮೇಲೆ ಬಿಸಿಲು ಬಿದ್ದು ಮೇಲಿನ ಅರ್ಧವೆಲ್ಲ ಬೆಳ್ಳಗಾಗಿತ್ತು. ಅದೇ ಗಳಿಗೆಗೆ ವಿಡಿಯೊದವನು ಪರದೆಯ ತುಂಬ ಗುಲಾಬಿ ಪಕಳೆ ಉದುರಿಸಿದ್ದ. ನಿಲ್ಲಿಸಿದೆ, ಹಿಂದೆ ತಂದೆ, ದೊಡ್ಡದು ಮಾಡಿದೆ. ಅಜ್ಜನಿರಬಹುದಾದ ಕಡೆ ಒಂದು ಪೇಟ, ಪಕ್ಕದಲ್ಲಿ ನಮ್ಮಪ್ಪನಿರಬಹುದಾದ ಒಂದು ಮಸುಕು, ಆಚೆ ಒಂದು ಪಕಳೆ. ಆ ಪಕಳೆಯ ಹಿಂದೆ ಚಿಗಪ್ಪನಿದ್ದಿರಬೇಕು. ಬೆಳಕೋ, ನೆರಳೋ, ಗೆರೆಯೋ, ಹೇಳಲಾರೆ. ನಾನೂ ಆ ದಿನ ಆ ಬಾಗಿಲಲ್ಲಿ ಎಲ್ಲೂ ಕಾಣಲಿಲ್ಲ. ಇಡೀ ವಿಡಿಯೊದಲ್ಲಿ ಊಟದ ಸಾಲಿನಲ್ಲಿ ಮಾತ್ರ ಒಮ್ಮೆ ಕಂಡೆ, ಮೊಬೈಲ್ ನೋಡುತ್ತಾ.

ಮುಂದಕ್ಕೆ ಬಿಟ್ಟೆ. ಪಕಳೆಗಳು ಉದುರಿ ಮುಗಿದವು. ಕ್ಯಾಮೆರಾ ಕೆಳಗಿಳಿದು ಹೊಸ್ತಿಲಿಗೆ ಬಂತು. ಅಲ್ಲಿ ಯಾವ ಎಫೆಕ್ಟೂ ಇಲ್ಲ. ಮದುಮಗನ ಎದುರಿಗೆ ಆರತಿ ತಟ್ಟೆ. ಅದನ್ನು ನಮ್ಮ ಕಡೆಯ ರೂಢಿಯಂತೆ ಇಬ್ಬರು ಹೆಂಗಸರು ಎರಡು ಬದಿಯಿಂದ ಹಿಡಿದಿದ್ದಾರೆ. ಒಂದು ಬದಿಗೆ ದೊಡ್ಡವ್ವ, ಬಾಯಿ ತೆರೆದು ಹಾಡುತ್ತಿದ್ದಾಳೆ. ಇನ್ನೊಂದು ಬದಿಗೆ ಚಿಗವ್ವ, ನೇರಳೆ ಬಣ್ಣದ ಸೀರೆ, ಹಣೆಯ ಮೇಲೆ ಕುಂಕುಮ, ಬ್ಯಾನರಿಗೆ ಬೆನ್ನು. ಮತ್ತೊಮ್ಮೆ ಹಾಕಿ ನೋಡಿ, ಆಮೇಲೆ ಮಸ್ಕಿಗೆ, ಚಿಗವ್ವನಿಗೆ ಫೋನ್ ಮಾಡಿದೆ. ತಟ್ಟೆ ಅವಳ ಕೈಯಲ್ಲಿತ್ತು.